ಗದ್ದೆ ಬದುವಿನ ಬೇಟೆ

ಬೇಟೆಯ ಮಾತು ಬಂದರೆ ಶಿವಾಜಿನಗರದ ನಮ್ಮ ಹಿರಿಯರ ಕಣ್ಣು ಹೊಳೆಯುತ್ತಿತ್ತು. ತೀತರ್ ಎಂದು ನಾವು ಕರೆಯುವ ಕೌಜುಗ, ಮೊಲ, ಹಲಸೂರು ದಾಟಿದರೆ ಹೊಲ ಸಿಗುತ್ತಿದ್ದ ಕಾಲ. ನಮ್ಮ ಪಾಲಿಗೆ ಉಳಿದದ್ದು ಆ ಕಥೆಗಳು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಒಂದಿಷ್ಟು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಆಮೇಲೆ ಕೊಲ್ಲಬಹುದಾಗಿದ್ದುದು ಐದನೆಯ ಅನುಸೂಚಿಯ ಉಪದ್ರವಿಗಳನ್ನು ಮಾತ್ರ: ಇಲಿ, ಸುಂಡಿಲಿ, ಕಾಗೆ, ಹಣ್ಣು ತಿನ್ನುವ ಬಾವಲಿ.

ಹಾಗಾಗಿ 1997ರ ಸುಗ್ಗಿಯಲ್ಲಿ ನಾವಿಬ್ಬರು ಗೆಳೆಯರು ಏರ್‌ಗನ್ನನ್ನು ಗೋಣಿಯಲ್ಲಿ ಸುತ್ತಿಕೊಂಡು ಕೆ.ಆರ್. ಪುರದ ಬಸ್ಸು ಹತ್ತಿದ್ದು ಇಲಿ ಹೊಡೆಯುವುದಕ್ಕೆ. ಗೆಳೆಯ ಆ ಕಡೆಯ ರೈತರ ಮಗ. ಹಳೆ ಮದ್ರಾಸ್ ರಸ್ತೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಾಚೆ ಅವರ ಗದ್ದೆ. ಬದುವಿನುದ್ದಕ್ಕೂ ಬಿಲಗಳು. ಬಾಯಲ್ಲಿ ಹಸಿ ಮಣ್ಣಿನ ಗುಡ್ಡೆಯಿದ್ದರೆ ಒಳಗೆ ಇಲಿಯಿದೆ ಎಂದರ್ಥ. ನಳಿಗೆ ಮಡಿಚಿ, ಸೀಸದ ಗುಂಡು ತುಂಬಿ, ಉಸಿರು ಬಿಗಿಹಿಡಿದು ಕೂತೆವು. ಸಂಜೆಯವರೆಗೆ ಸಿಕ್ಕಿದ್ದು ಮೂರು.

ಅಷ್ಟರಲ್ಲಿ ಕೂಲಿಗೆ ಬಂದಿದ್ದ ಅಜ್ಜಿಯೊಬ್ಬರು ಗುದ್ದಲಿಯಿಂದ ಬದು ಅಗೆದು ಇಲಿಗಳನ್ನು ಹಿಡಿದಿದ್ದಲ್ಲದೆ, ಅವು ಒಳಗೆ ಕೂಡಿಟ್ಟಿದ್ದ ಬತ್ತದ ತೆನೆಗಳನ್ನು ಮೊರದ ತುಂಬ ತೆಗೆದರು. "ನಿಮ್ ತುಪಾಕಿಗೆ ಮೂರು, ನನ್ ಗುದ್ಲಿಗೆ ಏಳು ಕಣ್ರಪ್ಪ" ಎಂದು ನಕ್ಕರು. ಆ ಬತ್ತ ಅವರದೇ ಎಂದು ಗೆಳೆಯನ ತಂದೆ ಹೇಳಿದರು. ರಾತ್ರಿಯ ಕೆಲಸಕ್ಕೆ ಗೂಬೆ ಬಂದು ಕೂರಲೆಂದು ಗದ್ದೆಯ ನಡುವೆ ಕವೆಗೋಲೊಂದನ್ನೂ ಅವರು ನೆಟ್ಟಿದ್ದರು.

ಹೊತ್ತು ಇಳಿಯುವಾಗ ಪಕ್ಕದ ರಾಗಿ ಹೊಲದ ಬೇಲಿಯಲ್ಲಿ ಕೌಜುಗ ಕೂಗಿತು. ಹಿರಿಯರ ಕಥೆಗಳೆಲ್ಲ ಒಮ್ಮೆಲೇ ನೆನಪಾದವು. ಗೆಳೆಯನ ಕೈ ಬಂದೂಕಿನತ್ತ ಹೋಯಿತು.

"ಅದ್ಯಾಕ್ರಪ್ಪಾ? ಅದು ಗೆದ್ಲು ತಿನ್ನೋ ಹಕ್ಕಿ. ನಮ್ ಪೈರಿಗೆ ಏನ್ ಮಾಡೈತೆ? ಇಲಿ ಹೊಡೀರಿ, ಇಲ್ದಿದ್ರೆ ಮನೆಗೆ ನಡೀರಿ" ಎಂದರು ಅವನ ತಂದೆ. ಕಾಯ್ದೆಯ ಅನುಸೂಚಿಗಳನ್ನು ಅವರು ಓದಿದವರಲ್ಲ.

ವಿಚಿತ್ರವೆನ್ನಿಸಿದ್ದು ಇದು: ನಮ್ಮ ಊಟದ ತಟ್ಟೆಗೆ ಹಲಾಲ್ ಆದ ಕೌಜುಗವನ್ನು ಮುಟ್ಟುವಂತಿಲ್ಲ, ತಿನ್ನಲಾಗದ ಇಲಿಯನ್ನು ಕೊಲ್ಲಬಹುದು. ಆದರೆ ಈ ಮಾತು ನಮಗೆ ಹೊಸದಾಗಿರಲಿಲ್ಲ. ಹಜ್‌ಗೆ ಹೊರಟು ಇಹ್ರಾಮ್ ಧರಿಸಿದವರು ಕಾಡಿನ ಮೃಗಪಕ್ಷಿಗಳನ್ನು ಬೇಟೆಯಾಡುವಂತಿಲ್ಲ, ಅವು ಹಲಾಲ್ ಆಗಿದ್ದರೂ. ಇಲಿ, ಚೇಳಿನಂಥ ಕಾಟ ಕೊಡುವ ಜೀವಿಗಳನ್ನು ಕೊಲ್ಲಲು ಮಾತ್ರ ಹದೀಸಿನಲ್ಲಿ ಅನುಮತಿಯಿದೆ. ಉರ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ನಿಯಮದ ಅರ್ಥ ನಮಗೆ ತಿಳಿದದ್ದು ಕನ್ನಡದ ಒಬ್ಬ ರೈತನ ಗದ್ದೆಯಲ್ಲಿ. ಕೊಲ್ಲುವ ಅನುಮತಿ ಹುಟ್ಟುವುದು ನಷ್ಟದಿಂದ, ನಾಲಿಗೆಯ ಚಪಲದಿಂದಲ್ಲ, ಗುರಿಯ ಮೋಜಿನಿಂದಂತೂ ಅಲ್ಲವೇ ಅಲ್ಲ. ನಷ್ಟ ಎಲ್ಲಿ ಮುಗಿಯುತ್ತದೋ ಅನುಮತಿಯೂ ಅಲ್ಲೇ ಮುಗಿಯುತ್ತದೆ.

2022ರ ತಿದ್ದುಪಡಿಯಲ್ಲಿ ಉಪದ್ರವಿಗಳ ಆ ಅನುಸೂಚಿಯೇ ಇಲ್ಲವಾಯಿತು. ಗೆಳೆಯನ ಗದ್ದೆಯ ಮೇಲೆ ಅಪಾರ್ಟ್‌ಮೆಂಟು ಎದ್ದಿದೆ. ಅಲ್ಲಿ ಇಲಿಗಳು ಈಗಲೂ ಇವೆ. ಗೂಬೆ ಕೂರುವ ಕವೆಗೋಲಿಗೆ ಮಾತ್ರ ಜಾಗವಿಲ್ಲ.