ಲ್ಯಾಪ್‌ಟಾಪಿನ ಹೊಟ್ಟಿಯೊಳಗ ಕೈ ಹಾಕಿದ್ದು

ನಮ್ಮ ಮನ್ಯಾಗ ಮಿಕ್ಸರ್ ನಿಂತರ ನಾನಽ ಬಿಚ್ಚತೇನಿ. ಹೊಲಿಗಿ ಮಷಿನ್ನಿಗೆ ಎಣ್ಣಿ ಬಿಡೋದೂ ನಾನಽ, ಕುಕ್ಕರಿನ ರಬ್ಬರ್ ಬದಲಸೋದೂ ನಾನಽ. ಆದ್ರ ಲ್ಯಾಪ್‌ಟಾಪ್ ಅಂದ ಕೂಡ್ಲೆ ನಾವು ಹೆಣ್ಮಕ್ಕಳು ಯಾಕೋ ದೂರ ಸರಿತೇವಿ. ಹೋದ ವರ್ಷ ಅದನ್ನೂ ಬಿಚ್ಚಿದೆ ನೋಡ್ರಿ.

ಮಗಳದು ಇಂಜಿನಿಯರಿಂಗ್ ಕಡೇ ವರ್ಷ. ಐದು ವರ್ಷದ ಹಳೇ ಲ್ಯಾಪ್‌ಟಾಪು, ಮೆಮೊರಿ ಬರೇ 4 ಜಿಬಿ. ಆಕಿ ಪ್ರಾಜೆಕ್ಟ್ ತಗದ್ಲಂದ್ರ, ನಾ ಸಾರಿಗೆ ಒಗ್ಗರಣಿ ಹಾಕಿ ಬಂದ್ರೂ ಚಕ್ರ ತಿರಗತಾನಽ ಇರತಿತ್ತು. ಅಂಗಡ್ಯಾಗ ಕೇಳಿದ್ರ, "ಇದರಾಗ ಏನೂ ಇಲ್ರಿ, ಹೊಸಾದು ತಗೋರಿ" ಅಂದ್ರು. ಹೊಸಾದಕ್ಕ 50 ಸಾವಿರ. ಅಷ್ಟು ರೊಕ್ಕ ಮನ್ಯಾಗ ಇದ್ದದ್ದು ಒಂದೇ, ಅತ್ತಿಯವರ ಕಣ್ಣಿನ ಆಪರೇಷನ್ನಿಗೆ ಅಂತ ಎತ್ತಿಟ್ಟ ಭಿಶಿ ರೊಕ್ಕ. ಅತ್ತಿಯವರು, "ನಂದೇನು, ಬ್ಯಾಸಗಿ ಮುಗದ ಮ್ಯಾಲೆ ಮಾಡಿಸಿದ್ರಾತು. ಕೂಸಿಂದು ನಿಲ್ಲಬಾರದು" ಅಂದ್ರು. ಅವತ್ತಿನಿಂದ ಮಗಳು ಲ್ಯಾಪ್‌ಟಾಪಿನ ಸುದ್ದಿ ಎತ್ತಲಿಲ್ಲ. ಸುಮ್ಮನ ರಾತ್ರಿ ಎರಡರ ತನಕ ಕೂಡಲಿಕ್ಕೆ ಹತ್ತಿದ್ಲು. ನನಗ ಅದು ಭಾಳ ಚುಚ್ಚಿತು.

ವಿಷಯ ಏನಂದ್ರ, ಹಾರ್ಡ್ ಡಿಸ್ಕ್ ಅಂದ್ರ ಅಟ್ಟ ಇದ್ದಂಗ, ರ್‍ಯಾಮ್ ಅಂದ್ರ ಅಡಗಿ ಕಟ್ಟಿ ಇದ್ದಂಗ. ಕಟ್ಟಿ ಸಣ್ಣದಿದ್ರ ಪದೇ ಪದೇ ಡಬ್ಬಿ ಅಟ್ಟಕ್ಕೇರಿಸಿ ಇಳಸಬೇಕು. ಅದಕ್ಕಽ ತಡಾ. ಮನೀನಽ ಬದಲಸೋದು ಬ್ಯಾಡ, ಕಟ್ಟಿ ದೊಡ್ಡದು ಮಾಡಿದ್ರ ಸಾಕು.

ಮೊದಲ ಜಾಗ ಐತೇನು ನೋಡಬೇಕು. ವಿಂಡೋಸಿನ್ಯಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ತೆರೀತದ. ಅದರಾಗ ಪರ್ಫಾರ್ಮೆನ್ಸ್, ಆಮ್ಯಾಲೆ ಮೆಮೊರಿ. ನಮ್ಮದ್ರಾಗ ಎರಡು ಸ್ಲಾಟಿನ್ಯಾಗ ಒಂದೇ ತುಂಬೇದ ಅಂತ ತೋರಿಸ್ತು. ಕೆಲವೊಂದು ತೆಳ್ಳನ್ನ ಲ್ಯಾಪ್‌ಟಾಪಿಗೆ ಮೆಮೊರಿ ಬೋರ್ಡಿಗೇ ಬೆಸದಿರತಾರ, ಅಂಥಾದಕ್ಕ ಈ ಉಪಾಯ ನಡ್ಯಂಗಿಲ್ಲ. ಇನ್ನ ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂತ ಜಾತಿ ಬ್ಯಾರೆ ಬ್ಯಾರೆ. ಕೆಳಗಿನ ಗಾಡಿ ಬ್ಯಾರೆ ಬ್ಯಾರೆ ಕಡೆ ಇರತದ, ಒಂದರ ಮನ್ಯಾಗ ಇನ್ನೊಂದು ಕೂಡಂಗಿಲ್ಲ. ನಮ್ಮದು ಡಿಡಿಆರ್4. ಲ್ಯಾಪ್‌ಟಾಪಿಂದು ಅಂತ ಹೇಳಿನಽ ತರಬೇಕು, ಟೇಬಲ್ ಮ್ಯಾಲಿನ ಕಂಪ್ಯೂಟರಿಂದು ಉದ್ದ ಇರತದ. 8 ಜಿಬಿದು ಎರಡು ಸಾವಿರದ ಚಿಲ್ಲರದಾಗ ಬಂತು.

ಅವತ್ತು ಕಾಟನ್ ಸೀರಿ ಉಟ್ಟೆ. ಸಿಂಥೆಟಿಕ್ ಸೀರಿಗೆ ಚಳಿಗಾಲದಾಗ ಚಟ್ ಚಟ್ ಅಂತದಲ್ಲ, ಆ ಕರೆಂಟ್ ನಮಗ ಗೊತ್ತಾಗದಷ್ಟು ಸಣ್ಣದಿದ್ರೂ ಚಿಪ್ ಸುಡಬಹುದು. ಪೂರ್ತಿ ಬಂದ್ ಮಾಡಿ, ಚಾರ್ಜರ್ ತಗದು, ಬೋರಲ ಹಾಕಿದೆ. ಸ್ಕ್ರೂ ಉದ್ದ, ಗಿಡ್ಡ ಎರಡೂ ಇದ್ವು. ಹಾಳಿ ಮ್ಯಾಲೆ ಲ್ಯಾಪ್‌ಟಾಪಿನ ಚಿತ್ರ ತಗದು, ಯಾವ ಸ್ಕ್ರೂ ಎಲ್ಲಿದೋ ಅಲ್ಲೇ ಇಟ್ಟೆ. ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತಲೂ ಸಾವಕಾಶ ಮುಚ್ಚಳಾ ಬಿಡಿಸಿದೆ. ಒಳಗ ಮೊದಲ ಬ್ಯಾಟರಿ ಪಿನ್ ತಗದೆ. ಒಂದು ಸ್ಟೀಲ್ ಡಬ್ಬಿ ಮುಟ್ಟಿ, ಮೆಮೊರಿ ಪಟ್ಟಿ ಅಂಚು ಹಿಡದು, ಬಂಗಾರದ ಹಲ್ಲಿಗೆ ಬೆರಳು ತಾಗಸದ ಓರೆ ಮಾಡಿ ತೂರಿಸಿದೆ. ಕೆಳಗ ಒತ್ತಿದೆ. ಎರಡೂ ಬಾಜು ಕ್ಲಿಪ್ "ಟಕ್" ಅಂದ್ವು. ಬ್ಲೌಸಿನ ಹುಕ್ಕು ಕೂತಂಗ.

ಚಾಲೂ ಮಾಡಿದ್ರ ಪರದೆ ಕರ್‍ರಗ! ಮಗಳ ಮಾರಿ ನೋಡಲಿಕ್ಕೆ ಆಗಲಿಲ್ಲ. ಹೊಸಾ ಮೆಮೊರಿ ಗುರ್ತು ಹಿಡಿಲಿಕ್ಕೆ ಮೊದಲನೇ ಸಲ ಸ್ವಲ್ಪ ಹೊತ್ತು ಬೇಕಾಗತದ. ಅಷ್ಟೊತ್ತು ಕಾದ ಮ್ಯಾಲೆ ಬಂತು, 12 ಜಿಬಿ! "ಅವ್ವಾ, ಬಂತು" ಅಂತ ಮಗಳು ಕೂಗಿದ್ಲು.

ಮುಂದಿನ ವಾರ ಅತ್ತಿಯವರ ಆಪರೇಷನ್ ಆತು. ಈಗ ಸೂಜಿಗೆ ತಾವಽ ದಾರ ಪೋಣಸ್ತಾರ.

ನಿಮ್ಮ ಮನ್ಯಾಗೂ ಯಾರರ "ಇದು ಮುಗೀತು, ಹೊಸಾದು ತಗೋರಿ" ಅಂದ್ರ, ಮೊದಲ ಆ ಮೂರು ಬಟನ್ ಒತ್ತಿ ನೋಡ್ರಿ. ವಾರಂಟಿ ಇದ್ರ ಮಾತ್ರ ಬಿಚ್ಚೋಕಿಂತ ಮುಂಚೆ ಕಂಪನಿಗೆ ಕೇಳ್ರಿ. ಸ್ಕ್ರೂ ಡ್ರೈವರ್ ಬೇಕಾದ್ರ ನಮ್ಮ ಮನಿಗೆ ಬರ್‍ರಿ, ಚಹಾನೂ ಕುಡದು ಹೋಗೀರಿ.