ಲೋಥಲ್‌ನ ಮಡಕೆಗಳೂ ನಮ್ಮಪ್ಪನೂ

ಅಹಮದಾಬಾದ್‌ನಲ್ಲಿ ಮೂರು ದಿನದ ಆಫೀಸ್ ಕೆಲಸ ಇತ್ತು. ರಿಟೈರ್ ಆಗಿ ಟಿವಿ ಮುಂದೆ ಕೂತಿದ್ದ ಅಪ್ಪನಿಗೆ 'ವೀಕೆಂಡಿಗೆ ಬನ್ನಿ' ಅಂತ ಟಿಕೆಟ್ ಬುಕ್ ಮಾಡಿಬಿಟ್ಟೆ. ಮಗ ಸರ್ದಾರ್ ಪಟೇಲರ ಪ್ರತಿಮೆ ತೋರಿಸ್ತಾನೆ ಅಂದುಕೊಂಡಿದ್ದರು ಪಾಪ. ನಾನು ಕರೆದುಕೊಂಡು ಹೋಗಿದ್ದು ಲೋಥಲ್‌ಗೆ.

ಸಿಟಿಯಿಂದ ಸುಮಾರು 80 ಕಿಲೋಮೀಟರ್. ಚಪ್ಪಟೆ ನೆಲ, ಬಿಸಿಲು, ಸರಗವಾಲಾ ಅನ್ನೋ ಹಳ್ಳಿ. ಲೋಥಲ್ ಅಂದರೆ ಗುಜರಾತಿಯಲ್ಲಿ ಸತ್ತವರ ದಿಬ್ಬ ಅಂತೆ ಎಂದೆ. "ರಜೆ ದಿನ ಕರ್ಕೊಂಡು ಬರೋ ಜಾಗನಾ ಇದು?" ಅಂದರು ಅಪ್ಪ.

ನನಗೆ ಇಲ್ಲಿಗೆ ಬರಲು ನನ್ನದೇ ಕಾರಣ ಇತ್ತು. ಹರಪ್ಪನ್ನರ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4 ಅನುಪಾತದಲ್ಲಿರುತ್ತವೆ. ತೂಕದ ಕಲ್ಲುಗಳು 1, 2, 4, 8, 16 ಅಂತ ದುಪ್ಪಟ್ಟಾಗುತ್ತಾ ಹೋಗುತ್ತವೆ. ಕೋಡ್ ಬರೆಯುವವನಿಗೆ ಇದಕ್ಕಿಂತ ಖುಷಿ ಬೇಕಾ? ಇನ್ನೊಂದು, ಈ ಊರನ್ನು 1955ರಿಂದ ಹಲವು ವರ್ಷ ಅಗೆಸಿ ಬೆಳಕಿಗೆ ತಂದವರು ನಮ್ಮವರೇ ಆದ ಎಸ್.ಆರ್. ರಾವ್, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ಆಮೇಲೆ ದ್ವಾರಕೆಯಲ್ಲಿ ಸಮುದ್ರದ ತಳ ಹುಡುಕಿದವರೂ ಅವರೇ.

ಇನ್ನೂರು ಮೀಟರ್‌ಗೂ ಉದ್ದದ, ಸುಟ್ಟ ಇಟ್ಟಿಗೆಯ ದೊಡ್ಡ ಕಟ್ಟೆ ಇದೆ. ಹಡಗುಕಟ್ಟೆ ಅಂತ ರಾವ್ ಹೇಳಿದರು. ಅಲ್ಲ, ನೀರಿನ ಕೆರೆ ಅಂತ ವಾದ ಮಾಡಿದವರೂ ಇದ್ದಾರೆ. ಅಪ್ಪ ಅದನ್ನು ನೋಡಿ "ಹ್ಞೂಂ" ಅಂದರು, ಅಷ್ಟೇ.

ಮ್ಯೂಸಿಯಂನಲ್ಲಿ ನಾನು ಮುದ್ರೆಗಳ ಫೋಟೊ ನೋಡುತ್ತಾ ನಿಂತಿದ್ದೆ. ಉಗ್ರಾಣಕ್ಕೆ ಯಾವಾಗಲೋ ಬೆಂಕಿ ಬಿದ್ದು, ಸರಕಿನ ಗಂಟಿಗೆ ಮೆತ್ತಿದ್ದ ಜೇಡಿಮಣ್ಣಿನ ಮುದ್ರೆಗಳು ಸುಟ್ಟು ಗಟ್ಟಿಯಾಗಿ ಉಳಿದುಕೊಂಡಿವೆ. ಹಿಂಬದಿಯಲ್ಲಿ ಚಾಪೆ, ಬಟ್ಟೆ, ಹುರಿಯ ಅಚ್ಚು ಕೂಡ ಹಾಗೇ ಇದೆ. ಸರ್ವರ್ ಸುಟ್ಟುಹೋಗಿ ಲಾಗ್ ಫೈಲ್ ಉಳಿದ ಹಾಗೆ. ಇದನ್ನು ಹೇಳೋಣ ಅಂತ ತಿರುಗಿದರೆ ಅಪ್ಪ ಪಕ್ಕದಲ್ಲಿಲ್ಲ. ಮಡಕೆಗಳ ಗಾಜಿನ ಪೆಟ್ಟಿಗೆ ಮುಂದೆ, ಮಂಡಿನೋವಿನ ಮನುಷ್ಯ, ನೆಲಕ್ಕೆ ಕೂತು ಕತ್ತು ಓರೆ ಮಾಡಿ ತಳ ನೋಡುತ್ತಿದ್ದರು.

"ದಾರದಲ್ಲಿ ಕೊಯ್ದಿದಾರೆ ನೋಡು," ಅಂದರು. "ತಿಗರಿ ತಿರುಗ್ತಾ ಇರೋವಾಗ್ಲೇ ಕೊಯ್ದು ಎತ್ತಿದ್ರೆ ತಳದಲ್ಲಿ ಹಿಂಗೆ ಸುತ್ತು ಗೆರೆ ಬೀಳುತ್ತೆ. ನಿಂತ ಮೇಲೆ ಕೊಯ್ದ್ರೆ ನೆಟ್ಟಗೆ ಬರುತ್ತೆ."

ನಮ್ಮ ತಾತ ಮಡಕೆ ಮಾಡುತ್ತಿದ್ದರು ಅಂತ ನನಗೆ ಗೊತ್ತಿತ್ತು, ಅಷ್ಟೇ ಗೊತ್ತಿತ್ತು. ಅಪ್ಪ ಆ ವಿಷಯ ಎತ್ತಿದ್ದೇ ಇಲ್ಲ. ಶಾಲೆಯಲ್ಲಿ ತಂದೆಯ ಕಸುಬು ಕೇಳಿದರೆ 'ವ್ಯವಸಾಯ' ಅಂತ ಹೇಳುತ್ತಿದ್ದರಂತೆ. ಅದೂ ಅಮ್ಮ ಹೇಳಿ ಗೊತ್ತು.

ಪಕ್ಕದ್ದು ಒಳಗೆ ಮತ್ತು ಬಾಯಿ ಹತ್ತಿರ ಕಪ್ಪು, ಕೆಳಗೆ ಕೆಂಪು ಇರುವ ಪಾತ್ರೆ. ಎರಡು ಬಣ್ಣ ಬಳಿದಿದ್ದಾರೆ ಅಂದುಕೊಂಡಿದ್ದೆ. "ಬಣ್ಣ ಅಲ್ಲ ಮಗಾ. ಆವಿಗೆಯಲ್ಲಿ ಬೋರಲು ಹಾಕಿ ಸುಟ್ಟಿದಾರೆ. ಗಾಳಿ ಸಿಕ್ಕದ ಕಡೆ ಕಪ್ಪು, ಸಿಕ್ಕಿದ ಕಡೆ ಕೆಂಪು." ಇಂಥ ಪಾತ್ರೆಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಸಿಕ್ಕಿವೆ, ಇದಕ್ಕಿಂತ ಎಷ್ಟೋ ಶತಮಾನ ಈಚಿನವು. ನಾನು ಗೂಗಲ್ ಮಾಡಿ ನೋಡಿದೆ. ಅಪ್ಪ ಹೇಳಿದ್ದು ಸರಿಯಿತ್ತು.

ಲೋಥಲ್‌ನದೇ ವಿಶೇಷ ಅಂದರೆ ಮಿನುಗುವ ಕೆಂಪು ಮಡಕೆ. ಹರಪ್ಪನ್ನರು ಬರುವ ಮೊದಲೇ ಇಲ್ಲಿದ್ದ ಜನ ಮಾಡುತ್ತಿದ್ದದ್ದು. ಮಣ್ಣಿನಲ್ಲೇ ಅಭ್ರಕ ಇದೆ, ನಮ್ಮ ಕಡೆ ಕಾಗೆಬಂಗಾರ ಅಂತೀವಲ್ಲ, ಅದು. ಇನ್ನೊಂದು ಮಡಕೆಯ ಚಿತ್ರದಲ್ಲಿ ಮರದ ಮೇಲೆ ಮೀನು ಕಚ್ಚಿಕೊಂಡ ಹಕ್ಕಿಗಳು, ಕೆಳಗೆ ನರಿಯಂಥ ಪ್ರಾಣಿ. ರಾವ್ ಅವರಿಗೆ ಇದು ನರಿ-ಕಾಗೆ ಕಥೆಯಂತೆ ಕಂಡಿತು. ನಾಲ್ಕು ಸಾವಿರ ವರ್ಷದ ಹಿಂದೆಯೇ ಮಕ್ಕಳಿಗೆ ಆ ಕಥೆ ಹೇಳುತ್ತಿದ್ದರೋ ಏನೋ, ನನಗಂತೂ ನಂಬೋಕೆ ಆಸೆ.

ಆಚೆ ಬಂದರೆ ಮಣಿ ಮಾಡುತ್ತಿದ್ದ ಜಾಗ. ಅಂಗಳದ ಸುತ್ತ ಕೋಣೆಗಳು, ಒಂದು ಒಲೆ. ಅರ್ಧಂಬರ್ಧ ಮಾಡಿದ ಮಣಿಗಳೂ ಇಲ್ಲಿ ರಾಶಿ ಸಿಕ್ಕಿದ್ದವು. ಕಂದು ಕಲ್ಲನ್ನು ನಿಧಾನ ಉರಿಯಲ್ಲಿ ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶ ಕೆಂಪಾಗಿ ಕಾರ್ನೇಲಿಯನ್ ಆಗುತ್ತದೆ. ಆಮೇಲೆ ತೂತು ಕೊರೆಯಬೇಕು. ಅಮೆರಿಕದ ಪುರಾತತ್ವಜ್ಞ ಕೆನೋಯರ್ ಆ ಕಾಲದ ರೀತಿಯಲ್ಲೇ ಕೊರೆದು ನೋಡಿದಾಗ, ಗಂಟೆಗೆ ಇಳಿದದ್ದು ಎರಡೂವರೆ ಮಿಲಿಮೀಟರ್. ಅಂದರೆ ಆರು ಸೆಂಟಿಮೀಟರ್ ಮಣಿಗೆ 24 ಗಂಟೆ, ಮೂರು ದಿನದ ಡ್ಯೂಟಿ. ಸಿಂಧೂ ನಾಡಿನ ಇಂಥ ಉದ್ದ ಮಣಿಗಳು ಮೆಸಪೊಟೇಮಿಯಾದ ಉರ್ ನಗರದ ರಾಜಸಮಾಧಿಗಳಲ್ಲೂ ಸಿಕ್ಕಿವೆ.

"ಇಲ್ಲೇ ಖಂಭಾತ್‌ನಲ್ಲಿ ಇವತ್ತಿಗೂ ಕಲ್ಲನ್ನು ಹೀಗೇ ಕಾಯಿಸಿ ಮಣಿ ಮಾಡ್ತಾರೆ ಅಪ್ಪ! ನಾಲ್ಕು ಸಾವಿರ ವರ್ಷದ ಕಸುಬು ಇನ್ನೂ ಇದೆ" ಅಂದೆ, ಸ್ವಲ್ಪ ಜೋರಾಗೇ.

"ಮಾಡೋರು ಹೆಂಗಿದಾರೆ?"

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಉತ್ತರ ಗೊತ್ತಿತ್ತು, ಓದಿದ್ದೆ. ಕಲ್ಲು ಉಜ್ಜುವ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಬರುತ್ತದೆ, ವಾಸಿಯಾಗುವ ಕಾಯಿಲೆಯಲ್ಲ. ಹೇಳಿದೆ.

ಅಪ್ಪ ಬೇವಿನ ನೆರಳಲ್ಲಿ ಕೂತರು. "ನಿಮ್ ತಾತಂಗೂ ಕೆಮ್ಮಿತ್ತು. ಆವಿಗೆ ಹೊಗೆ. ರಾತ್ರಿಯೆಲ್ಲ ಎದ್ದು ಕೂತ್ಕೊಳೋರು. ಅಲ್ಯುಮಿನಿಯಂ ಬಿಂದಿಗೆ ಬಂದ ಮೇಲೆ ಸಂತೇಲಿ ಹತ್ತು ಮಡಕೆ ಹೋದ್ರೆ ಹೆಚ್ಚು. ನಂಗೆ ತಿಗರಿ ಮುಟ್ಟಬೇಡ, ಓದು ಅಂತ ಕೈ ಮೇಲೆ ಹೊಡೀತಿದ್ರು. ಹೊಡೆಸ್ಕೊಂಡೂ ಕಲ್ತಿದ್ದೆ."

ಇದನ್ನೆಲ್ಲ ನಾನು ಕೇಳಿದ್ದು ಅದೇ ಮೊದಲು, ಮೂವತ್ತು ವರ್ಷಕ್ಕೆ. ತಾತ ಹೊಡೆದಿದ್ದು ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ಅವರು ಹೊಡೆಯದಿದ್ದರೆ ನಾನು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಅಲ್ಲಿ ನಿಂತಿರುತ್ತಿರಲಿಲ್ಲ, ಅದು ಮಾತ್ರ ಗೊತ್ತು.

ವಾಪಸ್ ಬರುವಾಗ ಕ್ಯಾಬಿನಲ್ಲಿ ಅಪ್ಪ ಊರಿಗೆ, ಚಿಕ್ಕಪ್ಪನಿಗೆ ಫೋನ್ ಹಚ್ಚಿದರು. ಕುಶಲ ಕೇಳಲಿಲ್ಲ, ಮಳೆ ಕೇಳಲಿಲ್ಲ. "ಆ ತಿಗರಿ ಎಲ್ಲಿದೆಯೋ?"

ಸ್ಪೀಕರ್ ಆನ್ ಇತ್ತು. ಹಿತ್ತಲಲ್ಲೇ ಇದೆ ಕಣಣ್ಣಾ, ಮೇಲೆ ನೀರಿನ ಡ್ರಮ್ ಇಟ್ಟಿದೀವಿ, ಯಾಕೆ, ಅಂದರು ಚಿಕ್ಕಪ್ಪ.

"ಡ್ರಮ್ ಇಳಿಸಿಡು. ದೀಪಾವಳಿಗೆ ಬರ್ತೀವಿ."