ತಿರುಗಿಸದ ಹಾಳೆ

ಇಪ್ಪತ್ತೆಂಟು ವರ್ಷ ಬೀಮುಗಳ ಲೆಕ್ಕ ಬರೆದು, ಬೇರೆಯವರು ಬರೆದದ್ದನ್ನು ತಿದ್ದಿ ಹೊಟ್ಟೆ ಹೊರೆದವನು ನಾನು. ಇಷ್ಟು ದಿನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ‘ಸೇಫ್ ಸೈಡ್‌ಗೆ ಇರ‍್ಲಿ’. ಅದರಲ್ಲಿ ಎಷ್ಟು ಸಲ ಎಚ್ಚರ ಇತ್ತು, ಎಷ್ಟು ಸಲ ಬರೀ ಅಜ್ಞಾನ ಇತ್ತು ಎಂದು ಎಣಿಸಲು ಕೂತರೆ ಒಂದು ಫೈಲು ಕಣ್ಣ ಮುಂದೆ ಬರುತ್ತದೆ.

ಕರಾವಳಿಯಲ್ಲೊಂದು ಮೀನು ಸಂಸ್ಕರಣಾ ಘಟಕ. ಉಪ್ಪುಗಾಳಿ, ದಿನವೂ ನೀರು ಹೊಡೆದು ತೊಳೆಯುವ ನೆಲ. ಮಾಮೂಲಿ ಉಕ್ಕಿಗೆ ಎಷ್ಟು ಬಣ್ಣ ಬಳಿದರೂ ತುಕ್ಕು ತಪ್ಪದು. ಹಾಗಾಗಿ ಓಡಾಡುವ ಅಟ್ಟಣೆಗೆ 316 ಸ್ಟೇನ್‌ಲೆಸ್‌ನ ಬಾಕ್ಸ್ ಸೆಕ್ಷನ್. ಬೀಮು ಎರಡು ಸ್ಪ್ಯಾನಿನದು, ನಡುವೆ ಒಂದು ಆಸರೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ ಲೆಕ್ಕ ತಂದಳು. ಪ್ಲಾಸ್ಟಿಕ್ ಡಿಸೈನ್ ಮಾಡಿದ್ದಳು.

ಇಂಥ ಬೀಮಿನ ಉದ್ದಕ್ಕೂ ಸಮನಾಗಿ ಭಾರ ಹೇರಿದರೆ ಮೊದಲು ಸೋಲುವುದು ನಡು ಆಸರೆಯ ಮೇಲಿನ ಜಾಗ. ಎಲಾಸ್ಟಿಕ್ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗಿಯಿತು. ಮೊಮೆಂಟಿನ ಸೂತ್ರದಲ್ಲಿ ಭಾಗಿಸುವ ಅಂಕಿ 8. ಪ್ಲಾಸ್ಟಿಕ್ ಲೆಕ್ಕ ಹಾಗೆ ಕೈ ಚೆಲ್ಲುವುದಿಲ್ಲ. ಆಸರೆಯ ಮೇಲಿನ ಉಕ್ಕು ಮುರಿಯದೆ, ಬಿಗಿಯಾದ ತಿರುಗಣಿಯಂತೆ ತಿರುಗುತ್ತಾ ತನ್ನ ಪಾಲನ್ನು ಹೊತ್ತುಕೊಂಡೇ ಇರುತ್ತದೆ; ಹೆಚ್ಚಿನ ಭಾರವನ್ನು ಸ್ಪ್ಯಾನು ಹೊರುತ್ತದೆ. ಅಲ್ಲಿಯೂ ತಿರುಗಣಿ ಮೂಡಿದಾಗಲೇ ಕುಸಿತ. 8ರ ಜಾಗದಲ್ಲಿ 11.66 ಬಂತು; ಅಂದರೆ ಅಷ್ಟೇ ಭಾರಕ್ಕೆ ಸಣ್ಣ ಬೀಮು ಸಾಕು. ಹೊಸ ಮಾತೇನಲ್ಲ ಇದು. 1941ರಲ್ಲಿ ಬ್ರಿಟನ್ನಿನ ಮನೆಗಳೊಳಗೆ ಇಟ್ಟ ಮಾರಿಸನ್ ಶೆಲ್ಟರ್ ಎಂಬ ಉಕ್ಕಿನ ಮೇಜನ್ನು ಜಾನ್ ಬೇಕರ್ ರೂಪಿಸಿದ್ದು ಇದೇ ನಂಬಿಕೆಯಿಂದ: ಮನೆ ಮೇಲೆ ಬಿದ್ದರೆ ಮೇಜು ಬಾಗಲಿ, ಅಡಿಯಲ್ಲಿ ಮಲಗಿದವರು ಉಳಿಯಲಿ.

‘ಸ್ಟೇನ್‌ಲೆಸ್‌ಗೆ ಪ್ಲಾಸ್ಟಿಕ್ ಡಿಸೈನ್ ಇಲ್ಲಮ್ಮ, ಯೂರೋಕೋಡ್‌ನಲ್ಲೇ ಬಿಟ್ಟಿಲ್ಲ’ ಅಂದೆ. ಯೂರೋಪಿನ ವಿನ್ಯಾಸ ನಿಯಮಾವಳಿಯಾದ 2006ರ ಆ ಕೋಡ್ ಬಿಟ್ಟಿರಲಿಲ್ಲ, ನಿಜ.

‘ಯಾಕೆ ಸರ್?’

‘ಅದಕ್ಕೆ ಈಲ್ಡ್ ಪಾಯಿಂಟೇ ಇಲ್ವಲ್ಲ.’

ಉತ್ತರದ ಹಾಗೆ ಕೇಳಿಸುವ ಮಾತು. ಮಾಮೂಲಿ ಉಕ್ಕಿನ ಗ್ರಾಫು ನೆಟ್ಟಗೆ ಏರಿ, ಒಂದೆಡೆ ಸಮತಟ್ಟಾಗಿ ನಡೆಯುತ್ತದೆ. ತಿರುಗಣಿಯ ಸಿದ್ಧಾಂತ ಕಟ್ಟಿದ್ದು ಆ ಸಮತಟ್ಟಿನ ಮೇಲೆ. ಸ್ಟೇನ್‌ಲೆಸ್‌ಗೆ ಅದಿಲ್ಲ. ಗೆರೆ ಬೇಗನೆ ಬಾಗಿ ಏರುತ್ತಲೇ ಹೋಗುತ್ತದೆ. 0.2 ಶೇಕಡಾ ಪ್ರೂಫ್ ಸ್ಟ್ರೆಸ್ ಅನ್ನುವುದು ನಾವು ನಾವೇ ಒಪ್ಪಿಕೊಂಡು ಹಾಕಿದ ಗುರುತು. ಆದರೆ ತಿರುಗಣಿಗೆ ಬೇಕಾದದ್ದು ಮುರಿಯದೆ ತಿರುಗುವ ತಾಳ್ಮೆ. 304, 316ರ ಜಾತಿಯ ಸ್ಟೇನ್‌ಲೆಸ್ ಹರಿಯುವ ಮೊದಲು 40 ಶೇಕಡಾದಷ್ಟು ಹಿಗ್ಗಬಲ್ಲದು. ಮಾಮೂಲಿ ಉಕ್ಕು ಅದರ ಅರ್ಧದ ಆಸುಪಾಸು. ಸ್ಟೇನ್‌ಲೆಸ್ ಹಿಗ್ಗುವುದೂ ಹಿಗ್ಗಿದಷ್ಟೂ ಗಟ್ಟಿಯಾಗುತ್ತಾ. ಬಾಕ್ಸಿನ ಗೋಡೆ ತೆಳ್ಳಗಿದ್ದು ಸುಕ್ಕುಗಟ್ಟಿದರೆ ಮಾತ್ರ ಕೆಲಸ ಕೆಟ್ಟಿತು. ಹಾಗೆ ಅಂದಿದ್ದರೆ ಅದೊಂದು ಕಾರಣವಾಗುತ್ತಿತ್ತು. ನಾನು ಅದನ್ನು ಕೇಳಲೇ ಇಲ್ಲ.

ಹಿಗ್ಗಿದಷ್ಟೂ ಗಟ್ಟಿಯಾಗುವ ಈ ಗುಣವನ್ನು ಓದಿ ತಿಳಿಯುವುದಕ್ಕೆ ಮೊದಲು ಕೈಯಲ್ಲೇ ತಿಳಿಯಬಹುದಿತ್ತು. ಸೈಟಿನ ಬೈಂಡಿಂಗ್ ವೈರನ್ನು ಬಾಗಿಸಿ ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ, ಅದು ಬಹುಪಾಲು ಹಳೆಯ ಜಾಗದಲ್ಲೇ ಶರಣಾಗುತ್ತದೆ. ಅಷ್ಟೇ ದಪ್ಪದ ಸ್ಟೇನ್‌ಲೆಸ್ ತಂತಿ ಹಟಮಾರಿ. ಬಾಗಿದ ಜಾಗ ಬಲಿತು, ನೆಟ್ಟಗೆ ಮಾಡಲು ಹೋದರೆ ಪಕ್ಕದಲ್ಲಿ ಬಾಗುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಅಂಕುಡೊಂಕು. ಸಿಂಕಿನ ಮೂಲೆಗೆ ಅಯಸ್ಕಾಂತ ಮೆಲ್ಲಗೆ ಅಂಟಿದರೆ ‘ಅಸಲಿ ಸ್ಟೀಲಲ್ಲ’ ಅನ್ನುತ್ತಾರಲ್ಲ, ಅದೂ ಎಷ್ಟೋ ಸಲ ಒತ್ತಿ ಬಾಗಿಸಿದಾಗ ಒಳಗಿನ ರಚನೆ ಬದಲಾದ ಗುರುತು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇಂಥದೇ ನಿರಂತರ ಬೀಮುಗಳನ್ನು ಒತ್ತಿ ನೋಡಿ 2014ರಲ್ಲಿ ಬರೆದದ್ದನ್ನು ಓದಿದ್ದು ತಡವಾಗಿ. ಕೋಡ್ ಲೆಕ್ಕ ಹಾಕಿದ್ದಕ್ಕಿಂತ ಚೆನ್ನಾಗಿಯೇ ಅವು ಹೊತ್ತಿದ್ದವು. ಓದಿದ ಸಂಜೆಯೇ ಹಳೆಯ ಫೈಲು ತೆಗೆದೆ. ಮೊದಲ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ನಾಟ್ ಪರ್ಮಿಟೆಡ್’, ಕೆಳಗೆ ನನ್ನ ಇನಿಷಿಯಲ್ಲು. ನಾನು ಹಟ ಹಿಡಿದು ಒಂದು ಸೈಜು ದೊಡ್ಡ ಸೆಕ್ಷನ್ ಹಾಕಿಸಿದ್ದೆ.

ಮೂರನೇ ಹಾಳೆಯನ್ನು ತಿರುಗಿಸಿದ್ದು ಅವತ್ತೇ ಮೊದಲು. ಸ್ಟೇನ್‌ಲೆಸ್ ಬೇಗ ಮೆತ್ತಗಾಗುವುದನ್ನು ಹಿಡಿದು ಡಿಫ್ಲೆಕ್ಷನ್ ಲೆಕ್ಕ ಹಾಕಿದ್ದಳು. ಬೀಮು ತಡೆದುಕೊಂಡರೂ ಅಟ್ಟಣೆ ಜಗ್ಗುತ್ತದೆ ಎಂದು ಬರೆದು, ಕೊನೆಯ ಸಾಲಿನಲ್ಲಿ ತಾನೇ ಒಂದು ಸೈಜು ಏರಿಸಿದ್ದಳು. ನಾನು ಹಾಕಿಸಿದ ಅದೇ ಸೆಕ್ಷನ್.